ಗಾಯದ ಗುರುತು: ಬೆಳ್ಳಿತೆರೆಯ ರೋಮ್, ಲಂಡನ್ನಿನ ನೆಲದಡಿಯ ರೋಮ್

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯರಾದವರು ವೇದಿಕೆ ಹತ್ತಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕುರಿತೇ ಮಾತನಾಡಬೇಕೆಂಬ ಅಲಿಖಿತ ನಿಯಮವೊಂದು ನಮ್ಮ ಬಳಗಗಳಲ್ಲಿ ಬೇರೂರಿದೆ. ಕಾರ್ಯಕಾರಿ ಸಮಿತಿಯವರು ಇಂದು ಅದರಿಂದ ನಮಗೆ ಬಿಡುಗಡೆ ಕೊಟ್ಟು, ಪ್ರಾಚೀನ ರೋಮಿನ ಇತಿಹಾಸವನ್ನು ಚಲನಚಿತ್ರಗಳು ಚಿತ್ರಿಸಿರುವ ಬಗೆಯನ್ನು ಕುರಿತು ಮಾತನಾಡುವಂತೆ ಆಹ್ವಾನಿಸಿದ್ದಾರೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು ಎಂಬಂತೆ, ನಾವು ಈ ವಿಷಯವನ್ನು ವೈದ್ಯನ ಕಣ್ಣಿನಿಂದಲೇ ನೋಡುತ್ತೇವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ತಲೆಮಾರಿನವರಿಗೆ ರೋಮ್ ಪರಿಚಯವಾದದ್ದು ಪ್ರೌಢಶಾಲೆಯ ಚರಿತ್ರೆ ಪುಸ್ತಕದ ಒಂದೆರಡು ಪುಟಗಳಿಂದ, ಮತ್ತು 1959ರ ‘ಬೆನ್‌ಹರ್’, 1960ರ ‘ಸ್ಪಾರ್ಟಕಸ್’ ಚಿತ್ರಗಳಿಂದ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ರೋಮ್ ಎಂದರೆ ರಿಡ್ಲಿ ಸ್ಕಾಟ್ ನಿರ್ದೇಶಿಸಿದ, 2000ದಲ್ಲಿ ತೆರೆಕಂಡ ‘ಗ್ಲಾಡಿಯೇಟರ್’ ಮತ್ತು 2024ರಲ್ಲಿ ಬಂದ ಅದರ ಮುಂದಿನ ಭಾಗ. ಮೊದಲ ಚಿತ್ರದ ಆರಂಭದಲ್ಲಿ ಕಾಣುವ ಜರ್ಮೇನಿಯದ ಘೋರ ಕಾಳಗವನ್ನು ಚಿತ್ರೀಕರಿಸಿದ್ದು ಇಲ್ಲಿಯೇ, ಸರ್ರೆಯ ಫಾರ್ನ್‌ಹ್ಯಾಮ್ ಬಳಿಯ ಬೋರ್ನ್ ವುಡ್ ಎಂಬ ಕಾಡಿನಲ್ಲಿ.

ಈ ಚಿತ್ರದ ಚಾರಿತ್ರಿಕ ದೋಷಗಳನ್ನು ಪಟ್ಟಿ ಮಾಡುವುದು ಕಷ್ಟವಲ್ಲ. ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕ್ರಿ.ಶ. 180ರಲ್ಲಿ ತೀರಿಕೊಂಡನು, ಚಿತ್ರದಲ್ಲಿರುವಂತೆ ಮಗನೇ ಅವನನ್ನು ಉಸಿರುಗಟ್ಟಿಸಿ ಕೊಂದನೆನ್ನಲು ಆಧಾರವಿಲ್ಲ. ಮಗ ಕೊಮೋಡಸ್ ಅನಂತರ ಹನ್ನೆರಡು ವರ್ಷ ಆಳಿ, ಕ್ರಿ.ಶ. 192ರ ಕೊನೆಯ ದಿನ ಒಬ್ಬ ಕುಸ್ತಿಪಟುವಿನ ಕೈಯಲ್ಲಿ ಕತ್ತು ಹಿಸುಕಿಸಿಕೊಂಡು ಸತ್ತನೇ ಹೊರತು ಕ್ರೀಡಾಂಗಣದ ಮರಳಿನ ಮೇಲೆ ಅಲ್ಲ. ಹೆಬ್ಬೆರಳನ್ನು ಕೆಳಗೆ ಮಾಡಿ ‘ಕೊಲ್ಲು’ ಎನ್ನುವ ಸಂಜ್ಞೆಯನ್ನು ನಮ್ಮೆಲ್ಲರ ಮನಸ್ಸಿನಲ್ಲಿ ಅಚ್ಚೊತ್ತಿದ್ದು ರೋಮನ್ ಗ್ರಂಥಗಳಿಗಿಂತ ಹೆಚ್ಚಾಗಿ ಫ್ರೆಂಚ್ ಕಲಾವಿದ ಜೆರೋಮ್ 1872ರಲ್ಲಿ ರಚಿಸಿದ ವರ್ಣಚಿತ್ರ. ಆದರೆ ‘ಶ್ರೀಕೃಷ್ಣದೇವರಾಯ’, ‘ಮಯೂರ’ ಚಿತ್ರಗಳನ್ನು ಚಪ್ಪಾಳೆ ತಟ್ಟಿ, ಶಿಳ್ಳೆ ಹೊಡೆದು ನೋಡಿದ ಕನ್ನಡಿಗರು ಇಂಥ ಸ್ವಾತಂತ್ರ್ಯವನ್ನು ಆಕ್ಷೇಪಿಸುವುದು ಅಷ್ಟು ಶೋಭಿಸದು. ಕಥೆಗೆ ಕಥೆಯ ಹಕ್ಕುಗಳುಂಟು.

ನಮ್ಮ ತಕರಾರು ಬೇರೆಯದು. ಈ ಚಿತ್ರಗಳಲ್ಲಿ ಏಟು ಬೀಳುವುದನ್ನು ಎಲ್ಲ ಕೋನಗಳಿಂದಲೂ ತೋರಿಸುತ್ತಾರೆ. ಗಾಯ ಮಾಯುವುದನ್ನು ತೋರಿಸುವುದಿಲ್ಲ. ಕತ್ತಿ ತಾಗಿದವನು ಒಂದೋ ಆ ಕ್ಷಣವೇ ಸಾಯಬೇಕು, ಇಲ್ಲವೇ ಮುಂದಿನ ದೃಶ್ಯಕ್ಕೆ ಎದ್ದು ಬರಬೇಕು. ನಡುವಿನ ಆರು ವಾರಗಳು ಕತ್ತರಿಗೆ ಸಿಕ್ಕಿ ಬಿದ್ದುಹೋಗುತ್ತವೆ. ನಮ್ಮ ನಾಡಿನ ವೀರಗಲ್ಲುಗಳನ್ನು ನೆನೆಯಿರಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ವೈದ್ಯನಿಗೆ ಅಲ್ಲಿ ಪಟ್ಟಿಕೆಯೇ ಇಲ್ಲ. ಸತ್ತವನ ಕಲ್ಲಾದ್ದರಿಂದ ಅದು ಸರಿಯೇ. ಆದರೆ ರೋಮಿನಲ್ಲಿ ಬದುಕಿ ಉಳಿದವರೂ ಇದ್ದರು, ಅವರನ್ನು ಉಳಿಸಿದವರೂ ಇದ್ದರು.

ಅಂಥವರಲ್ಲಿ ಅಗ್ರಗಣ್ಯನು ಗೇಲನ್. ಇಂದಿನ ತುರ್ಕಿ ದೇಶದಲ್ಲಿರುವ ಪೆರ್ಗಮಮ್ ಎಂಬ ಪಟ್ಟಣದಲ್ಲಿ ಕ್ರಿ.ಶ. 129ರಲ್ಲಿ ಹುಟ್ಟಿದ ಈತ, 157ರ ಸುಮಾರಿನಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಅಲ್ಲಿಯ ಗ್ಲಾಡಿಯೇಟರುಗಳಿಗೆ ವೈದ್ಯನಾಗಿ ನೇಮಕಗೊಂಡನು. ನಮ್ಮ ಕಾಲದ ಹೌಸ್ ಸರ್ಜನ್ ವಯಸ್ಸಿಗಿಂತ ತುಸು ಹೆಚ್ಚು, ಅಷ್ಟೆ. ತೆರೆದುಕೊಂಡ ಸ್ನಾಯು, ನರ, ಮೂಳೆಗಳನ್ನು ಕಣ್ಣಾರೆ ಕಂಡು ಕಲಿಯುವ ಅವಕಾಶ ಆತನಿಗೆ ದೊರೆಯಿತು. ದ್ರಾಕ್ಷಾರಸದಲ್ಲಿ ನೆನೆಸಿದ ಬಟ್ಟೆಯನ್ನು ಗಾಯದ ಮೇಲೆ ಹಾಸಿ, ಹಗಲೂ ಇರುಳೂ ಅದು ಆರದಂತೆ ನೋಡಿಕೊಳ್ಳುತ್ತಿದ್ದುದನ್ನು ಆತನೇ ಬರೆದಿದ್ದಾನೆ. ತನ್ನ ಅವಧಿಯಲ್ಲಿ ಸತ್ತವರು ಹಿಂದಿನವರ ಕಾಲಕ್ಕಿಂತ ಬಹಳ ಕಡಮೆಯೆಂದು ಹೆಮ್ಮೆಪಟ್ಟುಕೊಂಡಿದ್ದಾನೆ. ವಿನಯ ಆತನ ಗುಣಗಳಲ್ಲಿ ಒಂದಲ್ಲವೆಂಬುದು ಆತನ ಗ್ರಂಥಗಳನ್ನು ತಿರುವಿದವರಿಗೆಲ್ಲ ತಿಳಿದ ಸಂಗತಿ. ಆದರೂ ಎಲುಬುಗಳು ಆತನ ಮಾತಿಗೆ ಒಂದಷ್ಟು ಸಾಕ್ಷಿ ನುಡಿಯುತ್ತವೆ, ಅದನ್ನು ಮುಂದೆ ಹೇಳುತ್ತೇವೆ.

ಸ್ವಾರಸ್ಯವೆಂದರೆ ಇದೇ ಗೇಲನ್ ಮುಂದೆ ರೋಮಿಗೆ ಬಂದು ಅರಮನೆಯ ವೈದ್ಯನಾದನು. ಮಾರ್ಕಸ್ ಅರೇಲಿಯಸ್ ಅವನನ್ನು ಜರ್ಮನರ ಮೇಲಿನ ದಂಡಯಾತ್ರೆಗೆ ಕರೆದಾಗ ನೆಪ ಹೇಳಿ ತಪ್ಪಿಸಿಕೊಂಡು, ರಾಜಕುಮಾರ ಕೊಮೋಡಸನ ಆರೋಗ್ಯ ನೋಡಿಕೊಳ್ಳಲು ಊರಿನಲ್ಲಿಯೇ ಉಳಿದನು. ತಂದೆ, ಮಗ, ಗ್ಲಾಡಿಯೇಟರು, ಈ ಮೂವರನ್ನೂ ಕಂಡಿದ್ದ ವೈದ್ಯ! ಇಂಥ ಪಾತ್ರ ಕೈಯಳತೆಯಲ್ಲಿದ್ದರೂ ಚಿತ್ರದಲ್ಲಿ ಗೇಲನನ ಸುಳಿವಿಲ್ಲ. ಕ್ರಿ.ಶ. 165ರಿಂದ ಸಾಮ್ರಾಜ್ಯವನ್ನು ನಡುಗಿಸಿದ ಮಹಾಮಾರಿಯೂ ಒಂದೆರಡು ಮಾತುಗಳಲ್ಲಷ್ಟೇ ಬಂದುಹೋಗುತ್ತದೆ. ಗೇಲನ್ ಬರೆದಿಟ್ಟ ಲಕ್ಷಣಗಳನ್ನು ನೋಡಿ ಅದು ಸಿಡುಬಾಗಿದ್ದಿರಬೇಕೆಂದು ಬಹುಮಂದಿ ಊಹಿಸುತ್ತಾರೆ.

ಚಿತ್ರಕ್ಕೆ ಸಲ್ಲಬೇಕಾದ ಶ್ರೇಯಸ್ಸನ್ನೂ ಸಲ್ಲಿಸೋಣ. ನಾಯಕನ ತೋಳಿನ ಗಾಯದಲ್ಲಿ ಹುಳುಗಳು ಹರಿದಾಡುವ ಚಿಕ್ಕ ದೃಶ್ಯವೊಂದಿದೆ. ಸಹಬಂದಿಯಾದ ಆಫ್ರಿಕದವನು ಅವುಗಳನ್ನು ತೆಗೆಯಬೇಡವೆನ್ನುತ್ತಾನೆ. ಅದು ನಿಜವಾದ ವೈದ್ಯಕೀಯ. ಶುದ್ಧವಾಗಿ ಬೆಳೆಸಿದ ನೊಣದ ಮರಿಹುಳುಗಳು ಕೊಳೆತ ಮಾಂಸವನ್ನಷ್ಟೇ ತಿಂದು ಗಾಯವನ್ನು ಹಸನು ಮಾಡುತ್ತವೆ. 2004ರಿಂದ ಈ ದೇಶದ ಎನ್.ಎಚ್.ಎಸ್. ವೈದ್ಯರು ಅವುಗಳನ್ನು ಔಷಧಿಯಂತೆ ಬರೆದುಕೊಡಲು ಅವಕಾಶವಾಗಿದೆ. ಇದನ್ನು ಕೇಳಿ ಮುಂದಿನ ಸಾಲಿನ ತಾಯಂದಿರು ಮುಖ ಕಿವಿಚಿದ್ದು ನಮಗೆ ಕಾಣುತ್ತಿದೆ. ಊಟಕ್ಕೆ ಇನ್ನೂ ಸಮಯವಿದೆ, ಕ್ಷಮಿಸಬೇಕು.

ಎಲುಬುಗಳ ಸಾಕ್ಷ್ಯಕ್ಕೆ ಬರೋಣ. 1993ರಲ್ಲಿ ತುರ್ಕಿಯ ಎಫೆಸಸ್ಸಿನಲ್ಲಿ ಗ್ಲಾಡಿಯೇಟರುಗಳ ಸ್ಮಶಾನವೊಂದು ಪತ್ತೆಯಾಯಿತು. ವಿಯೆನ್ನಾದ ವೈದ್ಯವಿಜ್ಞಾನಿಗಳು ಅಲ್ಲಿನ ಎಲುಬುಗಳನ್ನು ಪರೀಕ್ಷಿಸಿದಾಗ, ತಲೆಬುರುಡೆಗಳಲ್ಲಿ ಕೊಂದ ಏಟುಗಳ ಜೊತೆಗೆ, ಹಿಂದೆಂದೋ ತಗಲಿ ಚೆನ್ನಾಗಿ ಕೂಡಿಕೊಂಡ ಏಟುಗಳೂ ಕಂಡುಬಂದವು. ಅಂದರೆ ಯಾರೋ ಅವರನ್ನು ಮಲಗಿಸಿ, ತೊಳೆದು, ಕಟ್ಟು ಕಟ್ಟಿ, ಗಂಜಿ ಕುಡಿಸಿದ್ದರು. ಗಂಜಿ ಎಂದದ್ದು ಅಲಂಕಾರಕ್ಕಲ್ಲ. ಗ್ಲಾಡಿಯೇಟರುಗಳನ್ನು ‘ಬಾರ್ಲಿ ತಿನ್ನುವವರು’ ಎಂದೇ ಕರೆಯುತ್ತಿದ್ದರು. ಬಾರ್ಲಿ ಮತ್ತು ಅವರೆಯ ಬಗೆಯ ಕಾಳುಗಳೇ ಅವರ ಮುಖ್ಯ ಆಹಾರವೆಂಬುದನ್ನು ಎಲುಬಿನ ರಾಸಾಯನಿಕ ಪರೀಕ್ಷೆಯೂ ಪುಷ್ಟೀಕರಿಸಿದೆ. ಆ ಕಾಳಿನಿಂದ ಅವರ ಮೈ ಸಡಿಲವಾಗುತ್ತದೆಂದು ಗೇಲನ್ ಗೊಣಗಿದ್ದಾನೆ. ತೆರೆಯ ಮೇಲಿನ ಕಡೆದಿಟ್ಟಂಥ ಹೊಟ್ಟೆಗಳನ್ನು ಕಂಡು ಕೀಳರಿಮೆಪಡುವ ತರುಣರು ಇದನ್ನು ಗಮನಿಸಬೇಕು.

ಎಫೆಸಸ್ಸಿನವರೆಗೆ ಹೋಗುವ ಅಗತ್ಯವೂ ಇಲ್ಲ. 1988ರಲ್ಲಿ ನಮ್ಮ ಲಂಡನ್ನಿನ ಗಿಲ್ಡ್‌ಹಾಲ್ ಅಂಗಳದ ಕೆಳಗೆ ಆರೇಳು ಸಾವಿರ ಜನ ಕುಳಿತು ನೋಡಬಹುದಾಗಿದ್ದ ರೋಮನ್ ಕ್ರೀಡಾಂಗಣ ಪತ್ತೆಯಾಯಿತು. ಅದೇ ವರ್ಷ, ಅಲ್ಲಿಂದ ಹೆಚ್ಚು ದೂರವಿಲ್ಲದ ಲಂಡನ್ ವಾಲ್ ಬೀದಿಯ ನಿವೇಶನವೊಂದರ ಗುಂಡಿಗಳಲ್ಲಿ ಮೂವತ್ತೊಂಬತ್ತು ತಲೆಬುರುಡೆಗಳು ದೊರೆತವು. ಅವುಗಳ ಕೂಲಂಕಷ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬಹುಮಟ್ಟಿಗೆ ಎಲ್ಲರೂ ಪ್ರಾಯದ ಗಂಡಸರು. ಹಲವರ ಮುಖದಲ್ಲಿ ಹಳೆಯ ಮುರಿತಗಳು ವಾಸಿಯಾಗಿವೆ, ಅವುಗಳ ಮೇಲೆ ಸಾವಿನ ಹೊತ್ತಿನ ಹೊಸ ಏಟುಗಳು ಬಿದ್ದಿವೆ. ಇವರು ಗ್ಲಾಡಿಯೇಟರುಗಳೋ, ಶಿಕ್ಷೆಗೊಳಗಾದ ಅಪರಾಧಿಗಳೋ, ಯುದ್ಧದಲ್ಲಿ ತಲೆ ಕಳೆದುಕೊಂಡ ಶತ್ರುಗಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ದವಡೆ ಮುರಿದವನೊಬ್ಬನು ಅದು ಕೂಡುವ ತನಕ ಮೆತ್ತಗಿನದನ್ನೇ ಉಣ್ಣಬೇಕು, ಅದನ್ನು ಯಾರಾದರೂ ಬೇಯಿಸಿ ಕೊಡಬೇಕು. ಇದು ಎಲ್ಲ ಕಾಲಕ್ಕೂ ಒಂದೇ.

ಮಾಯದ ಗಾಯದ ಉದಾಹರಣೆಯೂ ಇದೆ. ಯಾರ್ಕ್ ನಗರದ ರೋಮನ್ ಸ್ಮಶಾನದಲ್ಲಿ ದೊರೆತ ತರುಣನೊಬ್ಬನ ಸೊಂಟದ ಮೂಳೆಯ ಮೇಲೆ ಸಿಂಹದ ಹಲ್ಲಿನ ಗುರುತುಗಳಿವೆಯೆಂದು 2025ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ಮೂಳೆ ಕೂಡಿಕೊಂಡ ಕುರುಹಿಲ್ಲ.

ರೋಮನ್ ಚಿತ್ರಗಳ ಚರಿತ್ರೆಯಲ್ಲಿ ನಿಜವಾಗಿ ವಾಸಿಯಾದ ಒಂದು ಗಾಯವನ್ನು ನೀವೆಲ್ಲರೂ ನೋಡಿರಬಹುದು, ಗಮನಿಸಿರಲಾರಿರಿ. ‘ಕ್ಲಿಯೋಪಾತ್ರ’ ಚಿತ್ರದ ಚಿತ್ರೀಕರಣ ಆರಂಭವಾದದ್ದು ರೋಮಿನಲ್ಲಲ್ಲ, 1960ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಪಶ್ಚಿಮದ ಅಂಚಿನಾಚೆಯ ಪೈನ್‌ವುಡ್ ಸ್ಟುಡಿಯೋದಲ್ಲಿ. ಇಂಗ್ಲೆಂಡಿನ ಮಳೆ ಚಳಿಯಲ್ಲಿ ಈಜಿಪ್ಟನ್ನು ಕಟ್ಟಹೊರಟವರ ಧೈರ್ಯ ದೊಡ್ಡದು! 1961ರ ಮಾರ್ಚಿಯಲ್ಲಿ ನಾಯಕಿ ಎಲಿಜಬೆತ್ ಟೇಲರ್ ನ್ಯುಮೋನಿಯಾದಿಂದ ಉಸಿರಾಡಲಾರದ ಸ್ಥಿತಿ ತಲುಪಿದರು. ಲಂಡನ್ನಿನ ವೈದ್ಯರು ಗಂಟಲಿನ ಕೆಳಗೆ ರಂಧ್ರ ಮಾಡಿ, ಶ್ವಾಸನಾಳಕ್ಕೆ ಕೊಳವೆ ಹಾಕಿ ಅವರನ್ನು ಉಳಿಸಿದರು. ಚಿತ್ರೀಕರಣ ರೋಮಿಗೆ ಸ್ಥಳಾಂತರವಾಯಿತು. ಪೈನ್‌ವುಡ್‌ನಲ್ಲಿ ಉಳಿದ ಸಾಮಗ್ರಿಯಲ್ಲಿ ಕೆಲವನ್ನು ಬಳಸಿಕೊಂಡು 1964ರಲ್ಲಿ ‘ಕ್ಯಾರಿ ಆನ್ ಕ್ಲಿಯೋ’ ಎಂಬ ಹಾಸ್ಯಚಿತ್ರ ಸಿದ್ಧವಾಯಿತು. 1963ರಲ್ಲಿ ತೆರೆಕಂಡ ‘ಕ್ಲಿಯೋಪಾತ್ರ’ದ ಕೆಲವು ದೃಶ್ಯಗಳಲ್ಲಿ ರಾಣಿಯ ಕೊರಳ ಬುಡದಲ್ಲಿ ಆ ಕಲೆ ಕಾಣುತ್ತದೆ. ಕೋಟಿಗಟ್ಟಲೆ ಡಾಲರು ಸುರಿದು ತಯಾರಿಸಿದ ಆ ಚಿತ್ರದಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಆ ಕಲೆ.

ಇಷ್ಟನ್ನು ಈ ಸಭೆಯಲ್ಲಿ ಹೇಳಲು ಕಾರಣವಿದೆ. ಈ ನಗರದ ಆಸ್ಪತ್ರೆಗಳಲ್ಲಿ ದುಡಿಯುವ ನಾವು, ಚೂರಿ ಇರಿತಕ್ಕೊಳಗಾಗಿ ಬರುವ ಹದಿಹರೆಯದ ಹುಡುಗರನ್ನು ನೋಡುತ್ತೇವೆ. ಅವರಲ್ಲಿ ಎಲ್ಲ ಬಣ್ಣದವರೂ, ಎಲ್ಲ ಭಾಷೆಯವರೂ ಇದ್ದಾರೆ. ಮೊದಲ ರಾತ್ರಿ ಗೆಳೆಯರು ಗುಂಪುಗೂಡಿ ಬರುತ್ತಾರೆ. ನಾಲ್ಕನೆಯ ವಾರ, ಹೊಟ್ಟೆಗೆ ಚೀಲ ಕಟ್ಟಿಕೊಂಡು, ಗೋಡೆ ಹಿಡಿದು ನಡೆಯಲು ಕಲಿಯುವಾಗ ಪಕ್ಕದಲ್ಲಿ ತಾಯಿ ಮಾತ್ರ ಇರುತ್ತಾಳೆ. ಈ ನಾಲ್ಕನೆಯ ವಾರವನ್ನು ತೋರಿಸಿದ ರೋಮನ್ ಚಿತ್ರವನ್ನು ನಾವು ಕಂಡಿಲ್ಲ. ಆದ್ದರಿಂದ ಮಕ್ಕಳೊಡನೆ ಕುಳಿತು ಇಂಥ ಚಿತ್ರ ನೋಡುವ ತಂದೆತಾಯಿಯರು, ಏಟು ತಿಂದವನು ತೆರೆಯಿಂದ ಮರೆಯಾದಾಗ, ‘ಅವನನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?’ ಎಂದು ಒಮ್ಮೆ ಕೇಳಿ ನೋಡಬಹುದು. ಚಿತ್ರದ ರಸಭಂಗವಾಗುತ್ತದೆಂಬ ಆಕ್ಷೇಪ ನಮ್ಮ ಮನೆಯಲ್ಲಿಯೇ ಬಂದಿದೆ. ನಾವು ಪ್ರಶ್ನೆಯನ್ನು ಬಿಟ್ಟಿಲ್ಲ.

ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಗಿಲ್ಡ್‌ಹಾಲ್ ಅಂಗಳಕ್ಕೆ ಕರೆದೊಯ್ಯಿರಿ. ನೆಲಗಲ್ಲುಗಳಲ್ಲಿ ಕ್ರೀಡಾಂಗಣದ ಅಂಚನ್ನು ಸೂಚಿಸುವ ಕಪ್ಪು ಕಲ್ಲಿನ ಬಾಗುಗೆರೆಯಿದೆ; ಅದನ್ನು ಹಿಡಿದು ಒಂದು ಸುತ್ತು ನಡೆಯಬಹುದು. ಪಕ್ಕದ ಕಲಾಶಾಲೆಯ ನೆಲಮಾಳಿಗೆಗೆ ಇಳಿದರೆ ಹಳೆಯ ಗೋಡೆಗಳೂ, ಮರಳಿನ ಕೆಳಗೆ ನೀರು ಹರಿದುಹೋಗಲೆಂದು ಅಂದಿನ ಬಡಗಿಗಳು ಕೂಡಿಸಿದ ಮರದ ಚರಂಡಿಯೂ ಕಾಣಸಿಗುತ್ತವೆ. ಪ್ರಶ್ನೆಗಳಿದ್ದರೆ ಕಾಫಿಯ ಹೊತ್ತಿನಲ್ಲಿ ಉತ್ತರಿಸಲು ಸಿದ್ಧರಿದ್ದೇವೆ. ರಕ್ತದೊತ್ತಡದ ಪ್ರಶ್ನೆಗಳಿಗೂ ಅಡ್ಡಿಯಿಲ್ಲ.