ನಮ್ಮ ಮಕ್ಕಳ ಕಾಲೇಜು ಶಿಕ್ಷಣ: ಮನೆಯ ಹೊಣೆ, ಧರ್ಮಕೇಂದ್ರದ ಹೊಣೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ಹಿರಿಯರನ್ನು ನಾವು ಇಂದು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ದೇವಾಲಯವೆದ್ದ ಕಡೆ ಅಕ್ಷರವನ್ನೂ ನೆಡಬೇಕೆಂಬುದು ಮೈಸೂರು ಸೀಮೆಗೆ ಬಂದ ಗುರುಗಳ ನಂಬಿಕೆಯಾಗಿತ್ತು. ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳು 1882ರಲ್ಲಿಯೇ ಬೆಂಗಳೂರಿನಲ್ಲಿ ಸಂತ ಜೋಸೆಫರ ಕಾಲೇಜನ್ನು ಆರಂಭಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಘೋಷಣೆಯಲ್ಲಿ, ಶಿಕ್ಷಣವು ಕುಲ, ವಯಸ್ಸು, ಅಂತಸ್ತುಗಳ ಭೇದವಿಲ್ಲದೆ ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಸಾರಿತು. ಹಕ್ಕು ಸಾರಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಅದನ್ನು ಕೈಗೆ ತಂದುಕೊಳ್ಳುವ ದಾರಿಯನ್ನು ಕುರಿತು ಕೆಲವು ಮಾತುಗಳನ್ನಾಡಲು ಬಯಸುತ್ತೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಕೈಕೆಲಸಕ್ಕೆ ಬರವಿಲ್ಲ. ರಾಮನಗರದಲ್ಲಿ ಗೂಡಿನ ಮಾರುಕಟ್ಟೆಯೂ ನೂಲು ಬಿಚ್ಚುವ ಘಟಕಗಳೂ ಇವೆ, ಚನ್ನಪಟ್ಟಣದಲ್ಲಿ ಬೊಂಬೆಯ ಕಸುಬು, ಬಿಡದಿಯಲ್ಲಿ ಕಾರ್ಖಾನೆಗಳು. ಈ ಕೆಲಸಗಳೆಲ್ಲ ಗೌರವಯುತವಾದುವೇ. ಆದರೆ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗನಿಗೆ ದಿನಗೂಲಿ ತಕ್ಷಣ ಕಣ್ಣಿಗೆ ಕಾಣುತ್ತದೆ, ಕಾಲೇಜಿನ ಫಲ ದೂರದಲ್ಲಿರುತ್ತದೆ. ಫಲಿತಾಂಶ ಬಂದ ಹದಿನೈದು ದಿನಗಳಲ್ಲಿ ಗಡಿಬಿಡಿಯಿಂದ ಒಂದು ತೀರ್ಮಾನವಾಗುತ್ತದೆ. ಅದು ಆ ಮಗುವಿನ ನಲವತ್ತು ವರ್ಷಗಳ ಬದುಕನ್ನು ನಿರ್ಣಯಿಸುತ್ತದೆ. ಓದು ನಿಲ್ಲುವುದು ಅನೇಕ ವೇಳೆ ಬುದ್ಧಿಯ ಕೊರತೆಯಿಂದಲ್ಲ, ಮುಂಚಿತವಾದ ಸಿದ್ಧತೆಯ ಕೊರತೆಯಿಂದ.

ಗೋಪುರವನ್ನು ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳಿದುದನ್ನು ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಓದುತ್ತೇವೆ. ರೇಷ್ಮೆ ಸಾಕುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಹಣ್ಣಾದ ದಿನ ಚಂದ್ರಿಕೆಯನ್ನು ಹುಡುಕಲು ಹೊರಡುವ ರೈತನುಂಟೇ? ನಾಲ್ಕನೆಯ ಜ್ವರ ಕಳೆಯುತ್ತಲೇ ಚಂದ್ರಿಕೆಗಳನ್ನು ಶುಚಿಮಾಡಿ ಅಣಿಗೊಳಿಸಿರುತ್ತಾನೆ. ಹುಳುವಿಗೆ ತೋರುವ ಈ ಮುನ್ನೋಟವನ್ನು ಮಕ್ಕಳ ವಿಷಯದಲ್ಲಿಯೂ ತೋರೋಣವೆಂಬುದೇ ನನ್ನ ಬಿನ್ನಹ.

ಸಿದ್ಧತೆ ಎಂಟನೆಯ ತರಗತಿಯಿಂದಲೇ ಆರಂಭವಾಗಬೇಕು. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಬಡ ಮಕ್ಕಳಿಗಾಗಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆಯೊಂದಿದೆ, ಎನ್.ಎಂ.ಎಂ.ಎಸ್. ಎಂದು ಶಾಲೆಗಳಲ್ಲಿ ಅದನ್ನು ಕರೆಯುತ್ತಾರೆ. ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಆ ವರ್ಷ ಅರ್ಜಿ ಹಾಕದಿದ್ದರೆ ಮತ್ತೆ ಅವಕಾಶವಿಲ್ಲ.

ಎರಡನೆಯದು ಹೆಸರಿನ ವಿಷಯ. ಜ್ಞಾನಸ್ನಾನದ ದಾಖಲೆಯಲ್ಲಿ ಇಗ್ನೇಷಿಯಸ್, ಶಾಲೆಯಲ್ಲಿ ಇನ್ನಾಸಪ್ಪ. ಒಂದು ಕಡೆ ಕ್ಸೇವಿಯರ್, ಇನ್ನೊಂದು ಕಡೆ ಚೌರಪ್ಪ. ಆಧಾರ್ ಚೀಟಿಯಲ್ಲಿ ಮೂರನೆಯದೇ ಒಂದು ಕಾಗುಣಿತ. ಮನೆಯಲ್ಲಿ ಎಲ್ಲವೂ ಒಂದೇ. ಕಚೇರಿಯಲ್ಲಿ ಮಾತ್ರ ಇವರು ಮೂವರು ಬೇರೆ ಬೇರೆ ಮನುಷ್ಯರಾಗುತ್ತಾರೆ. ವಿದ್ಯಾರ್ಥಿವೇತನವು ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೇ ಬರುವುದರಿಂದ, ಒಂದಕ್ಷರದ ವ್ಯತ್ಯಾಸವೂ ಹಣವನ್ನು ತಡೆಯಬಲ್ಲದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಹೆಸರನ್ನು ತಿದ್ದಿಸುವುದು ಬಹು ಪ್ರಯಾಸ. ಆದುದರಿಂದ ಒಂಬತ್ತನೆಯ ತರಗತಿಯಲ್ಲಿಯೇ ಈ ಕಾಗದಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು ಹೋಲಿಸಿ ನೋಡಿರಿ.

ಇನ್ನು ಹತ್ತನೆಯ ತರಗತಿಯ ನಂತರದ ಕವಲುದಾರಿ. ಇಲ್ಲಿ ಆಯ್ದುಕೊಳ್ಳುವ ವಿಷಯಗಳೇ ಮುಂದಿನ ಬಾಗಿಲುಗಳನ್ನು ತೆರೆಯುತ್ತವೆ ಅಥವಾ ಮುಚ್ಚುತ್ತವೆ. ನರ್ಸಿಂಗ್ ಪದವಿಯ ಆಸೆಯಿರುವ ಹೆಣ್ಣುಮಗಳು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಎಂಜಿನಿಯರಿಂಗ್‌ಗೆ ಗಣಿತ ಬೇಕು. ಐದು ವರ್ಷದ ಕಾನೂನು ಪದವಿಗಾದರೋ ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದಿಂದಲೂ ಹೋಗಬಹುದು. ಗೆಳೆಯರು ಸೇರಿದರೆಂದು ತಾನೂ ಅದನ್ನೇ ಸೇರುವುದು ಸಲ್ಲದು. ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ಗಳಿಸಿದ ಮಗು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಇಂಗ್ಲಿಷ್ ಪುಸ್ತಕಗಳ ಮುಂದೆ ಕಂಗೆಡುವುದುಂಟು. ಅದು ದಡ್ಡತನವಲ್ಲ, ಭಾಷೆಯ ತೊಡಕು. ಬೇಸಿಗೆ ರಜೆಯ ಎರಡು ತಿಂಗಳು ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕಲಿಸಿದರೆ ಆ ತೊಡಕು ಬಹುಮಟ್ಟಿಗೆ ಸಡಿಲವಾಗುತ್ತದೆ.

ಪಿ.ಯು.ಸಿ. ಒಂದೇ ದಾರಿಯಲ್ಲ. ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಎಸ್.ಎಸ್.ಎಲ್.ಸಿ. ಮುಗಿಸಿದ ಗ್ರಾಮೀಣ ಮಕ್ಕಳಿಗೆ ವಸತಿಸಹಿತ ತರಬೇತಿ ನೀಡುತ್ತಿದೆ. ರಾಮನಗರದಲ್ಲಿ ಅದೇ ವರ್ಷ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕನಕಪುರದಲ್ಲಿ ಎಸ್. ಕರಿಯಪ್ಪನವರು ಹಳ್ಳಿಯ ಮಕ್ಕಳಿಗೆಂದೇ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಗಳಿವೆ. ರೈತರ ಮಕ್ಕಳಿಗೆ ಕೃಷಿ ಪದವಿಯಲ್ಲಿ ಪ್ರತ್ಯೇಕ ಕೋಟಾ ಇದೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರೂ ಎದೆಗುಂದಬೇಕಾಗಿಲ್ಲ, ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಲಾಗಿದೆ.

ವೃತ್ತಿಶಿಕ್ಷಣಕ್ಕೆ 1994ರಿಂದ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿ.ಇ.ಟಿ., ನಡೆಯುತ್ತಿದೆ. ಇಲ್ಲಿ ನಮ್ಮ ಮಕ್ಕಳು ಹಕ್ಕಿನಿಂದ ಪಡೆಯಬಹುದಾದ ಮೀಸಲಾತಿಗಳನ್ನು ಅರಿಯದೆ ಬಿಟ್ಟುಬಿಡಬಾರದು. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳು ಮೀಸಲು. ಇವಕ್ಕೆ ಶಾಲೆಯ ವ್ಯಾಸಂಗ ಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಮಗುವನ್ನು ನಡುವೆ ಒಂದೆರಡು ವರ್ಷ ಪಟ್ಟಣದ ಶಾಲೆಗೆ ಸೇರಿಸುವ ಮುನ್ನ ಗ್ರಾಮೀಣ ಮೀಸಲಾತಿಯ ಈ ನಿಯಮವನ್ನು ನೆನೆಯಿರಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಆದಾಯದ ಮಿತಿಗೆ ಒಳಪಟ್ಟು ಪ್ರವರ್ಗ 3 ಬಿ.ಯಲ್ಲಿಯೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತಧರ್ಮಕ್ಕೆ ಬಂದವರು ಪ್ರವರ್ಗ 1ರಲ್ಲಿಯೂ ಸೇರಿದ್ದಾರೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚೆಯೇ ಪಡೆದಿಟ್ಟುಕೊಳ್ಳಿರಿ. ಅವುಗಳ ಮೇಲಿನ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕಾಗುತ್ತದೆ. ಪರೀಕ್ಷೆಯ ಬಳಿಕ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವ ಘಟ್ಟ ಬರುತ್ತದೆ. ಅದನ್ನು ಅಂಗಡಿಯಲ್ಲಿ ಕುಳಿತ ಅಪರಿಚಿತನ ಕೈಗೆ ಒಪ್ಪಿಸದೆ, ಮನೆಯಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗುವುದು ಕ್ಷೇಮಕರ.

ಖರ್ಚಿನ ಲೆಕ್ಕವೆಂದರೆ ಶುಲ್ಕದ ಲೆಕ್ಕ ಮಾತ್ರವಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ಮೈಸೂರು ಮಾರ್ಗದ ರೈಲು ಇದೆ. ಕನಕಪುರ, ಮಾಗಡಿಗಳಿಗೆ ರೈಲಿಲ್ಲ. ಅಲ್ಲಿನ ವಿದ್ಯಾರ್ಥಿಗೆ ಬೆಳಗಿನ ಮೊದಲ ಬಸ್ಸೇ ಆಧಾರ. ಕಾಲೇಜನ್ನು ಆರಿಸುವಾಗ ಅದರ ಹೆಸರಿನೊಡನೆ ಬಸ್ಸಿನ ವೇಳೆಯನ್ನೂ ವಿಚಾರಿಸಬೇಕು. ಜೂನ್ 2023ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣ ಉಚಿತವಾಗಿದೆ. ಆದುದರಿಂದ ಬಸ್ಸಿನ ಖರ್ಚನ್ನು ಮುಂದೊಡ್ಡಿ ಹೆಣ್ಣುಮಕ್ಕಳ ಓದನ್ನು ನಿಲ್ಲಿಸಲು ಈಗ ಕಾರಣವುಳಿದಿಲ್ಲ. ಶುಲ್ಕದ ನೆರವಿಗೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಿದೆ. ವೃತ್ತಿಶಿಕ್ಷಣ ಪಡೆಯುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ‘ಅರಿವು’ ಎಂಬ ಸಾಲದ ಯೋಜನೆಯಿದೆ. ಬಡ್ಡಿಯವನ ಮನೆಗೆ ಹೋಗುವ ಮೊದಲು ಇವನ್ನು ವಿಚಾರಿಸಿರಿ.

ದೂರದ ಕಾಲೇಜಿಗೆ ಸೇರುವವರಿಗೆ ಅನ್ನ ಮತ್ತು ಆಸರೆಗಳೇ ಮುಖ್ಯ ಪ್ರಶ್ನೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ತುಮಕೂರಿನ ಸಿದ್ಧಗಂಗೆಯಲ್ಲಿ ಸಹಸ್ರಾರು ಮಕ್ಕಳಿಗೆ ಅನ್ನ, ವಸತಿಗಳನ್ನು ಕೊಟ್ಟು ಓದಿಸಿದುದನ್ನು ನಾಡೆಲ್ಲ ಬಲ್ಲದು. ನಮ್ಮ ನೆರೆಯ ಸಮಾಜದ ಈ ಆದರ್ಶದಿಂದ ನಾವೂ ಕಲಿಯಬೇಕಾದುದುಂಟು. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಧರ್ಮಕೇಂದ್ರದ ಕುಟುಂಬಗಳು ಮತ್ತು ಸಭೆಯ ವಿದ್ಯಾರ್ಥಿನಿಲಯಗಳು ನಮ್ಮ ಹಳ್ಳಿಯ ಮಕ್ಕಳಿಗೆ ಆಸರೆಯಾಗಬಲ್ಲವು, ಕೇಳುವವರು ಬೇಕು.

ಕೊನೆಯದಾಗಿ, ಧರ್ಮಕೇಂದ್ರವು ಏನು ಮಾಡಬಹುದು? 1833ರಲ್ಲಿ ಪ್ಯಾರಿಸಿನಲ್ಲಿ ಬಡವರ ಸೇವೆಗಾಗಿ ಸಂತ ವಿನ್ಸೆಂಟ್ ದ ಪೌಲರ ಸಭೆಯನ್ನು ಹುಟ್ಟುಹಾಕಿದ ಫ್ರೆಡರಿಕ್ ಓಝಾನಮ್ ಆಗ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿ. ಜಗದ್ಗುರು ಎರಡನೆಯ ಜಾನ್ ಪೌಲರು 1997ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. ಆತನೂ ಆತನ ಸಹಪಾಠಿಗಳೂ ಮಾಡಿದುದನ್ನು ನಮ್ಮಲ್ಲಿ ಈಗ ಕಾಲೇಜಿನಲ್ಲಿ ಓದುತ್ತಿರುವ ಯುವಕಯುವತಿಯರು ಸಣ್ಣ ಪ್ರಮಾಣದಲ್ಲಿ ಮಾಡಬಾರದೇಕೆ? ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಸಭಾಂಗಣದಲ್ಲಿ ಒಂದು ಮೇಜನ್ನು ಹಾಕಿ ಎರಡು ಗಂಟೆ ಕುಳಿತರೆ ಸಾಕು. ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ನಮ್ಮ ಮಕ್ಕಳ ಹೆಸರುಗಳನ್ನು ಒಂದು ದಫ್ತರದಲ್ಲಿ ಬರೆದುಕೊಳ್ಳಲಿ. ಯಾರ ಯಾವ ಕಾಗದ ಸಿದ್ಧವಿದೆ, ಯಾವುದು ಬಾಕಿಯಿದೆ ಎಂದು ಗುರುತಿಸಲಿ. ಅರ್ಜಿಗಳ ಕೊನೆಯ ದಿನಾಂಕಗಳನ್ನು ಸೂಚನಾಫಲಕದಲ್ಲಿ ಬರೆಯಲಿ, ಗುರುಗಳು ಪೂಜೆಯ ಪ್ರಕಟಣೆಗಳಲ್ಲಿ ಓದಲಿ. ಕ್ರೈಸ್ತ ಕಾಲೇಜುಗಳು ಕೇಳುವ ಜ್ಞಾನಸ್ನಾನದ ಪತ್ರ, ಗುರುಗಳ ಪರಿಚಯಪತ್ರಗಳೂ ಆ ಮೇಜಿನ ಮೂಲಕವೇ ದೊರೆಯಲಿ. ಅರ್ಜಿಯ ಶುಲ್ಕಕ್ಕೂ ದಾರಿಯ ಖರ್ಚಿಗೂ ಕೈಸಾಲದ ರೂಪದಲ್ಲಿ ಒಂದು ಪುಟ್ಟ ನಿಧಿಯಿರಲಿ. ಶತಮಾನೋತ್ಸವದ ಖರ್ಚಿನಲ್ಲಿ ದೀಪಾಲಂಕಾರಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲು ಇದಕ್ಕೆ ಸಂದರೆ ಉತ್ಸವದ ಕಳೆ ಕುಂದುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪರವಾಗಿ ಓಡಾಡುವ ತಂದೆತಾಯಿಗಳಲ್ಲಿ ಅನೇಕರು ಕಾಲೇಜಿನ ಮೆಟ್ಟಿಲನ್ನು ಏರಿದವರಲ್ಲ. ಅರ್ಜಿಯನ್ನು ನೀವೇ ಓದಿ ಅವರಿಗೆ ಅರ್ಥ ಹೇಳಿರಿ. ಸಂಕೋಚವನ್ನು ಬಿಟ್ಟು ಬಲ್ಲವರನ್ನು ಕೇಳಿರಿ. ಇಂದು ನೀವು ಕೇಳಿ ತಿಳಿದ ದಾರಿಯನ್ನು ನಾಳೆ ನಿಮ್ಮ ಹಿಂದೆ ಬರುವ ಮಕ್ಕಳಿಗೆ ತೋರಿಸುವ ಋಣ ನಿಮ್ಮ ಮೇಲಿದೆ.

ಹಿರಿಯರು ನಮಗೆ ಪ್ರಾರ್ಥನೆಯ ಮಂದಿರವನ್ನು ಕಟ್ಟಿಕೊಟ್ಟರು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಾವು, ಈ ಧರ್ಮಕೇಂದ್ರದ ಒಂದು ಮಗುವೂ ಕಾಗದಪತ್ರದ ಕೊರತೆಯಿಂದ, ದಿನಾಂಕ ತಪ್ಪಿದ ಕಾರಣದಿಂದ ಓದನ್ನು ಬಿಡಬಾರದೆಂಬ ಸಂಕಲ್ಪವನ್ನು ಇಂದು ತೊಡೋಣ. ಜ್ಞಾನಪೀಠವಾದ ಮರಿಯ ಮಾತೆಯು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ.