ಸುರಂಗದ ನೀರಿಗೆ ವಾರಸುದಾರರು ಯಾರು?

(ಬೀದರ್ ನಗರದಲ್ಲಿ ಜರಗಿದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ನಮ್ಮಲ್ಲಿ ಮುಖಂಡರೆಂದು ಯಾರನ್ನು ಕರೆಯುತ್ತೇವೆ? ಮಸೀದಿ ಕಮಿಟಿಯ ಅಧ್ಯಕ್ಷರನ್ನು, ವಾರ್ಡಿನ ಸದಸ್ಯರನ್ನು, ಚುನಾವಣೆ ಸಮೀಪಿಸಿದಾಗ ಬೆಂಗಳೂರಿಗೆ ಹೋಗಿ ಬರುವವರನ್ನು. ಬಾವಿಯ ಹೂಳೆತ್ತಿಸಿದವರನ್ನು ಈ ಸಾಲಿನಲ್ಲಿ ಕೂರಿಸುವ ರೂಢಿ ನಮ್ಮಲ್ಲಿಲ್ಲ. ಆದರೆ ಬೀದರ್‌ನ ಚರಿತ್ರೆ ಬೇರೆಯದೇ ಮಾತನ್ನು ಹೇಳುತ್ತದೆ.

15ನೆಯ ಶತಮಾನದ ಪೂರ್ವಾರ್ಧದಲ್ಲಿ ಅಹ್ಮದ್ ಶಾ ಬಹಮನಿ ಕಲಬುರಗಿಯಿಂದ ಇಲ್ಲಿಗೆ ರಾಜಧಾನಿಯನ್ನು ವರ್ಗಾಯಿಸಿದಾಗ ಎದುರಾದ ದೊಡ್ಡ ಪ್ರಶ್ನೆ ನೀರಿನದಾಗಿತ್ತು. ಇದು ಎತ್ತರದ ಕೆಂಪು ಮುರಕಲ್ಲಿನ ನೆಲ. ಮಳೆಯ ನೀರು ಮೇಲೆ ನಿಲ್ಲದೆ ಇಂಗಿ, ಕೆಳಗಿನ ಕರಿಬಂಡೆಯ ಮೇಲೆ ಸೇರುತ್ತದೆ. ಆ ನೀರನ್ನು ಹಿಡಿಯಲು ಇರಾನಿನಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದ ವಿದ್ಯೆಯನ್ನೇ ಇಲ್ಲಿ ಪ್ರಯೋಗಿಸಲಾಯಿತು. ಎತ್ತರದ ಜಾಗದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಅತಿ ಕಡಿಮೆ ಇಳಿಜಾರಿನಲ್ಲಿ ಸಾಗುವ ಸುರಂಗ. ಗಾಳಿ ಬೆಳಕಿಗೆ, ಮಣ್ಣು ತೆಗೆಯಲು, ನೀರು ಸೇದಲು ಅಲ್ಲಲ್ಲಿ ನೇರ ಬಾವಿಗಳು. ಎಣ್ಣೆ ಬೇಡ, ವಿದ್ಯುತ್ ಬೇಡ, ನೀರು ತಾನಾಗಿ ಹರಿಯುತ್ತದೆ. ಇದೇ ಕಾರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಹೆಸರುಗಳನ್ನು ತಾವು ಬಲ್ಲಿರಿ. ನೌಬಾದಿನ ಸುರಂಗವೊಂದೇ ಎರಡು ಕಿಲೋಮೀಟರಿಗೂ ಉದ್ದವಿದೆ.

ಮದರಸಾ ಕಟ್ಟಿಸಿದ ಮಹಮೂದ್ ಗವಾನನ ಹೆಸರು ನಮ್ಮ ಮಕ್ಕಳಿಗೆ ಗೊತ್ತು, ಗೊತ್ತಿರಲೇಬೇಕು. ಆ ಮದರಸಾ ಇದ್ದ ನಗರಕ್ಕೆ ನೀರು ತಂದ ಕೈಗಳು ಯಾರವು? ಅವರ ಹೆಸರು ಯಾವ ಶಿಲಾಫಲಕದ ಮೇಲೆಯೂ ಕಾಣುವುದಿಲ್ಲ.

ನಲ್ಲಿ ಬಂತು, ಕೊಳವೆಬಾವಿ ಬಂತು, ಸುರಂಗ ಮರೆತುಹೋಯಿತು. ಅದನ್ನು ಮತ್ತೆ ನಕ್ಷೆಯ ಮೇಲೆ ಮೂಡಿಸಿದವರಲ್ಲಿ ಪ್ರಮುಖರು ಕೇರಳದ ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸರಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ. ಊರಿನವರೇ ಆದ ವಿನಯ್ ಮಾಳಗೆ 'ಟೀಮ್ ಯುವಾ' ಎಂಬ ಯುವಕರ ತಂಡವನ್ನು ಕಟ್ಟಿಕೊಂಡು ತೆರೆದ ಬಾವಿ, ಕೆರೆ, ಕಾರೇಜ್‌ಗಳ ರಕ್ಷಣೆಗೆ ದುಡಿದರು. ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರು ಬರಗಾಲದ ದಿನಗಳಲ್ಲಿ ಜಿಲ್ಲೆಯ ಕೆರೆಬಾವಿಗಳ ಹೂಳೆತ್ತಿಸಿದರು. ಅದು ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ 2016ರ ಬರ. ತಿವಾರಿಯವರು ಮರುವರ್ಷ ಮೇ ತಿಂಗಳಲ್ಲಿ ಲಖನೌದಲ್ಲಿ ನಿಧನರಾದಾಗ ಅವರಿಗೆ ವಯಸ್ಸು ಬರೀ 36. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ದಖ್ಖನಿನ ಪುರಾತನ ನೀರಿನ ವ್ಯವಸ್ಥೆಗಳನ್ನು ತನ್ನ 2020ರ ನಿಗಾ ಪಟ್ಟಿಗೆ ಸೇರಿಸಿತು.

ಗಮನಿಸಿ. ಒಬ್ಬರು ಕೇರಳದವರು, ಒಬ್ಬರು ಉತ್ತರ ಪ್ರದೇಶದವರು, ಒಬ್ಬರು ಊರಿನ ಲಾಭರಹಿತ ಕಾರ್ಯಕರ್ತರು. ಬಹಮನಿಗಳ ಹೆಸರಿನಲ್ಲಿ ಹೆಮ್ಮೆಪಡುವ ನಾವು ಈ ಸಾಲಿನಲ್ಲಿ ಎಲ್ಲಿದ್ದೇವೆ? ಸುರಂಗದ ಕೆಲವು ಬಾವಿಗಳು ಮುಚ್ಚಿಹೋಗಿವೆ, ಕೆಲವು ಕಸದ ಗುಂಡಿಗಳಾಗಿವೆ. ಮೇಲಿನ ಒಂದು ಬಾವಿಗೆ ಸುರಿದ ಕೊಳೆ ಕೆಳಗಿನ ಎಲ್ಲ ಬಾವಿಗಳ ನೀರನ್ನೂ ಕೆಡಿಸುತ್ತದೆ. ಅದು ಯಾರ ಮೊಹಲ್ಲಾ, ಯಾರ ಮತ ಎಂದು ಸುರಂಗ ಕೇಳುವುದಿಲ್ಲ. ಪರಂಪರೆಯ ಬಗ್ಗೆ ಜಲಸಾ ಏರ್ಪಡಿಸಿ, ಮರುದಿನ ಅದೇ ಪರಂಪರೆಯ ಬಾಯಿಗೆ ಪ್ಲಾಸ್ಟಿಕ್ ತಟ್ಟೆಗಳನ್ನು ಸುರಿಯುವುದು ಎಂತಹ ವಿಪರ್ಯಾಸ!

ಭಾಲ್ಕಿ, ಔರಾದ್‌ಗಳಿಂದ ಬಂದಿರುವ ಸಹೋದರರು, ಇದು ಬೀದರ್ ಪಟ್ಟಣದ ವಿಷಯವೆಂದು ತಿಳಿಯಬಾರದು. ನಿಮ್ಮ ಕಪ್ಪು ನೆಲದಲ್ಲಿ ಕೆರೆ ಮತ್ತು ತೆರೆದ ಬಾವಿಯೇ ಆಧಾರ. ಕಾರಂಜಾ ಜಲಾಶಯವಿರುವುದು ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯಲ್ಲಿ. 2023ರ ಮೇ ತಿಂಗಳಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರಾದ ಈಶ್ವರ ಖಂಡ್ರೆಯವರೂ ಭಾಲ್ಕಿಯ ಶಾಸಕರೇ. ಆದರೂ ಸಚಿವರು ಊರಿನವರೆಂಬ ಮಾತ್ರಕ್ಕೆ ಬಾವಿಯ ಹೂಳು ತಾನಾಗಿ ಮೇಲೆ ಬರುವುದಿಲ್ಲ. ಮಾಂಜ್ರಾ ನದಿಯ ಸೀಮೆಯಲ್ಲಿರುವ ಔರಾದಿನವರಿಗೆ ನೀರಿನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಕೆರೆಯ ಹೂಳನ್ನು ಹೊಲಕ್ಕೆ ಹಾಕಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ. ರೈತರು ಇದನ್ನು ಬಲ್ಲರು.

ಅಧಿಕಾರಿ ವರ್ಗವಾಗುತ್ತಾರೆ, ಯೋಜನೆಯ ಹಣ ಮುಗಿಯುತ್ತದೆ. ಉಳಿಯುವುದು ಮೊಹಲ್ಲಾದ ಕಮಿಟಿ. ಆದುದರಿಂದ ಮಸೀದಿ ಕಮಿಟಿಗಳಲ್ಲಿ ನನ್ನ ವಿನಂತಿಯಿದು: ವುಝೂವಿನ ನೀರು ಸಾಬೂನು, ಶೌಚದ ನೀರಿನೊಂದಿಗೆ ಬೆರೆಯದಂತೆ ಪ್ರತ್ಯೇಕ ಇಂಗುಗುಂಡಿಗೆ ಹರಿಯಲಿ. ಛಾವಣಿಯ ಮಳೆನೀರು ಸೋಸಿ ಅಂಗಳದ ಬಾವಿಗೆ ಇಳಿಯಲಿ. ಮಸೀದಿ, ದರ್ಗಾ, ಕಬರಸ್ತಾನಗಳ ಆವರಣದಲ್ಲಿರುವ ಹಳೆಯ ಬಾವಿಗಳೆಷ್ಟು, ಮುಚ್ಚಿದವೆಷ್ಟು ಎಂಬ ಪಟ್ಟಿಯನ್ನು ಕಮಿಟಿಯ ಒಬ್ಬ ಸದಸ್ಯರು ಬರೆಯಲಿ. ಈ ಕೆಲಸಕ್ಕೆ ಹಿಂದೂ ಸಹೋದರರನ್ನು, ವಿಶೇಷವಾಗಿ ಈಗಾಗಲೇ ದುಡಿದು ಅನುಭವವುಳ್ಳ ಯುವಕರನ್ನು ಜೊತೆಗೆ ಕರೆಯಿರಿ. ಮಳೆಗಾಲಕ್ಕೆ ಮುನ್ನ ಆ ಪಟ್ಟಿ ಜಿಲ್ಲಾಧಿಕಾರಿಗಳ ಮೇಜಿನ ಮೇಲಿರಬೇಕು.