ಪೋಷಣೆಯೂ ಪಾಲೂ: ವಿಶೇಷ ಶಿಕ್ಷಣದಲ್ಲಿ ಉಪಾಧ್ಯಾಯರ ಉನ್ನತ ವ್ಯಾಸಂಗ

(ಶ್ರೀಮಠದ ಮಹೋತ್ಸವದ ಅಂಗವಾಗಿ ದೊಡ್ಡೇರಿಯಲ್ಲಿ ಕೂಡಿದ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)

 

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದು ತಮಗೆಲ್ಲ ತಿಳಿದ ವಿಷಯ. ಆ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರೂ ಇಂದು ಇಲ್ಲಿ ನೆರೆದಿದ್ದೀರಿ. ಅಂಗವೈಕಲ್ಯವುಳ್ಳ ಮಕ್ಕಳನ್ನು ಉಳಿದ ಮಕ್ಕಳೊಡನೆ ಕೂಡಿಸಿ ಓದಿಸುವ ವಿದ್ಯೆ, ಮತ್ತು ಈಗಾಗಲೇ ಉಪಾಧ್ಯಾಯರಾಗಿರುವವರು ಆ ವಿದ್ಯೆಯಲ್ಲಿ ಮಾಡಬೇಕಾದ ಉನ್ನತ ವ್ಯಾಸಂಗ, ಇದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಪಾಠಶಾಲೆಯಲ್ಲಿ ವ್ಯಾಕರಣ, ಧರ್ಮಶಾಸ್ತ್ರಗಳನ್ನು ಓದಿದವನು. ಆದುದರಿಂದ ಶಾಸ್ತ್ರದ ಬಾಗಿಲಿನಿಂದಲೇ ಈ ವಿಷಯವನ್ನು ಪ್ರವೇಶಿಸುವೆನು. ತಾವು ಅನುಗ್ರಹಿಸಬೇಕು.

ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡ ನಾಡಿನಲ್ಲಿ ಹುಟ್ಟಿದ ಆ ಗ್ರಂಥವು ಮುಂದೆ ಭರತಖಂಡದ ಬಹುಭಾಗಕ್ಕೆ ದಾಯಭಾಗದ ಪ್ರಮಾಣವಾಯಿತು. ಅದರಲ್ಲಿ ಅಂಧ, ಪಂಗು, ಜಡ ಮೊದಲಾದವರ ವಿಷಯದಲ್ಲಿ ಒಂದು ವಿಧಿಯುಂಟು. ಅಂಥವರು ಭರ್ತವ್ಯರು, ಎಂದರೆ ಮನೆಯವರು ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಕಾಪಾಡಲೇಬೇಕು. ಆದರೆ ಅವರು ನಿರಂಶಕರು, ಎಂದರೆ ಪಿತ್ರಾರ್ಜಿತದಲ್ಲಿ ಅವರಿಗೆ ಪಾಲಿಲ್ಲ. ಆ ಕಾಲಕ್ಕೆ ಇದು ನಿರ್ದಯವಾದ ವಿಧಿಯೆಂದು ತೋರಿರಲಾರದು. ಕೈಬಿಡಬಾರದೆಂಬ ಕರುಣೆಯೂ ಅದರಲ್ಲಿ ಇದ್ದಿತು. ಆದರೆ ಕರುಣೆಯೇ ಬೇರೆ, ಹಕ್ಕೇ ಬೇರೆ. ಪೋಷಣೆಯನ್ನು ಪಡೆಯುವವನು ಕೊಡುವವನ ಮುಖವನ್ನು ನೋಡುತ್ತ ನಿಲ್ಲಬೇಕು. ಪಾಲುಗಾರನಿಗೆ ಆ ದೈನ್ಯವಿಲ್ಲ.

ಬ್ರಿಟಿಷ್ ಇಂಡಿಯಾದಲ್ಲಿ 1928ರ ಕಾಯಿದೆಯು ಮಿತಾಕ್ಷರದ ಈ ನಿಷೇಧವನ್ನು ಬಹುಮಟ್ಟಿಗೆ ತೆಗೆದುಹಾಕಿತು. ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಮಾತ್ರ ಹೊರಗಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಆ ಉಳಿಕೆಯನ್ನೂ ಅಳಿಸಿತು. ಹೊಲಮನೆಗಳಲ್ಲಿ ಪಾಲು ಸಿಕ್ಕಿ ಹಲವು ದಶಕಗಳು ಕಳೆದುವು. ವಿದ್ಯೆಯಲ್ಲಿ ಪಾಲು ಸಿಕ್ಕಿದೆಯೇ ಎಂಬುದೇ ನಾನು ಈ ಸಭೆಯ ಮುಂದಿಡುವ ಪ್ರಶ್ನೆ.

ಕಾನೂನನ್ನು ಕೇಳಿದರೆ ಸಿಕ್ಕಿದೆ ಎನ್ನುವುದು. 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಕಾಯಿದೆಯು ಇಪ್ಪತ್ತೊಂದನ್ನು ಹೆಸರಿಸಿದೆ. ಓದು ಬರಹ ಮೊದಲಾದುವುಗಳಲ್ಲಿ ತೋರುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಸ್ವಲೀನತೆಯೂ ಅದರಲ್ಲಿ ಸೇರಿವೆ. ಇಂಥ ಮಕ್ಕಳನ್ನು ಕೂಡಿಸಿ ಓದಿಸಬೇಕೆಂದೂ, ಅದಕ್ಕಾಗಿ ಉಪಾಧ್ಯಾಯರನ್ನು ತರಬೇತುಗೊಳಿಸಿ ನೇಮಿಸಬೇಕೆಂದೂ ಅದೇ ಕಾಯಿದೆಯ 16 ಮತ್ತು 17ನೆಯ ಪ್ರಕರಣಗಳು ವಿಧಿಸುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರಕ್ಕೆ ಮಿಕ್ಕಿತ್ತು. ಆಗ ಏಳೂ ಇಪ್ಪತ್ತೊಂದೂ ಎಂಬ ಭೇದವು ಹುಟ್ಟಿಯೇ ಇರಲಿಲ್ಲವಾಗಿ, ಕಲಿಕೆಯ ತೊಡಕುಳ್ಳ ಮಕ್ಕಳಿಗೆ ಆ ಲೆಕ್ಕದಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ.

ಶಾಲೆಯನ್ನು ಕೇಳಿದರೆ ಬೇರೊಂದು ಉತ್ತರ ಬರುವುದು. ಅಂಥ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದೆ. ಸಮವಸ್ತ್ರ ಬಂದಿದೆ, ಪಠ್ಯಪುಸ್ತಕ ಬಂದಿದೆ. ನಮ್ಮ ರಾಜ್ಯದಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರು. ದಾಸೋಹದ ಅನ್ನವು ಆ ಮಗುವಿನ ತಟ್ಟೆಗೆ ತಪ್ಪದೆ ಬರುತ್ತಿದೆ. ಅಕ್ಷರವು ಬಂದಿತೇ? ಕಡೆಯ ಸಾಲಿನಲ್ಲಿ ಕುಳಿತು, ವರ್ಷಕ್ಕೊಂದು ತರಗತಿಯನ್ನು ದಾಟಿ, ಏಳನೆಯ ತರಗತಿಯಲ್ಲಿ ತನ್ನ ಹೆಸರನ್ನು ಬರೆಯಲಾರದ ಮಗುವು ಭರ್ತವ್ಯನಾಗಿ ಉಳಿದಿದೆಯೇ ಹೊರತು ಅಂಶಭಾಗಿಯಾಗಲಿಲ್ಲ. ವಿಜ್ಞಾನೇಶ್ವರನ ವಿಧಿಯನ್ನು ನ್ಯಾಯಸ್ಥಾನದಿಂದ ಕಳುಹಿಸಿಬಿಟ್ಟೆವು. ಅದು ಶಾಲೆಯಲ್ಲಿ ಬಂದು ನೆಲಸಿದೆ.

ಇದಕ್ಕೆ ಕಾರಣವೇನು? ಉಪಾಧ್ಯಾಯರಲ್ಲಿ ದಯೆ ಇಲ್ಲವೆಂದು ನಾನು ಹೇಳಲೊಲ್ಲೆನು. ದಯೆ ಇದೆ, ಉಪಾಯವಿಲ್ಲ. ಉಪಾಯವು ವಿದ್ಯೆಯಿಂದ ಬರಬೇಕು.

ಹಳೆಯ ಪಾಠಶಾಲೆಯ ಕ್ರಮವನ್ನು ಸ್ವಲ್ಪ ವಿಚಾರಿಸೋಣ. ಅಲ್ಲಿ ವಿದ್ಯೆಯೆಂಬುದು ಕಿವಿಯಿಂದ ಬಂದು ಬಾಯಲ್ಲಿ ನಿಲ್ಲುತ್ತಿತ್ತು. ಗುರು ಹೇಳುವನು, ಶಿಷ್ಯನು ಅನುವಾದ ಮಾಡುವನು. ಇಂಥಲ್ಲಿ ಕಣ್ಣಿಲ್ಲದವನಿಗೆ ದೊಡ್ಡ ಅಡ್ಡಿಯಿರಲಿಲ್ಲ. ಆದರೆ ಕಿವಿಯಿಲ್ಲದವನು ಬಾಗಿಲಲ್ಲೇ ನಿಂತನು. ಇಂದಿನ ಶಾಲೆಯಲ್ಲಿ ಕಪ್ಪು ಹಲಗೆಯೂ ಪುಸ್ತಕವೂ ಬಂದ ಮೇಲೆ, ಅದೇ ಅಂಧ ಬಾಲಕನು ಹಿಂದೆ ಬಿದ್ದನು. ಅವನ ಕಣ್ಣು ಮೊದಲು ಹೇಗಿತ್ತೋ ಹಾಗೆಯೇ ಇದೆ. ಬದಲಾದುದು ಪಾಠದ ಕ್ರಮ. ಆದುದರಿಂದ ನ್ಯೂನತೆಯಲ್ಲಿ ಒಂದಂಶವು ದೇಹದಲ್ಲಿದ್ದರೆ ಮತ್ತೊಂದಂಶವು ನಾವು ಕಲಿಸುವ ವಿಧಾನದಲ್ಲಿದೆಯೆಂಬುದು ಸಿದ್ಧವಾಯಿತು. ಮೊದಲನೆಯದು ವೈದ್ಯನಿಗೆ ಸಂಬಂಧಿಸಿದುದು. ಎರಡನೆಯದು ಉಪಾಧ್ಯಾಯನ ಕೈಯಲ್ಲಿದೆ.

ಇದಕ್ಕೆ ನಮ್ಮ ಸಮಾಜದಲ್ಲಿಯೇ ಪ್ರತ್ಯಕ್ಷ ನಿದರ್ಶನವುಂಟು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಕಾಡಶೆಟ್ಟಿಹಳ್ಳಿಯ ಅಂಧ ಬಾಲಕರಾದ ಇಬ್ಬರು ಸೋದರರನ್ನು ಕರೆತಂದು ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಅವರಲ್ಲಿ ಕಿರಿಯರೇ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು. ಅವರ ಶಿಷ್ಯರಾದ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದುದು ಸರ್ವಶ್ರುತವಾಗಿದೆ. ಸ್ವಾಮಿಗಳವರು ಆ ಬಾಲಕರಿಗೆ ಅನ್ನವನ್ನಷ್ಟೇ ಕೊಟ್ಟಿದ್ದರೆ ನಾಡಿಗೆ ಇಬ್ಬರು ಭರ್ತವ್ಯರು ಮಾತ್ರ ಉಳಿಯುತ್ತಿದ್ದರು. ಅವರಿಗೆ ತಕ್ಕ ವಿದ್ಯೆಯನ್ನೂ ಆ ವಿದ್ಯೆಯನ್ನು ಬಲ್ಲ ಗುರುಗಳನ್ನೂ ಹುಡುಕಿಕೊಟ್ಟರಾಗಿ, ಅವರೇ ಅನೇಕರಿಗೆ ಗುರುಗಳಾದರು. ಆದರೂ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕಣ್ಣಿಲ್ಲದವರೆಲ್ಲ ಸಂಗೀತಕ್ಕೇ ಹೋಗಬೇಕೆಂಬ ವಿಧಿಯೇನೂ ಇಲ್ಲ. ಬ್ರೈಲ್ ಲಿಪಿಯೂ, ಓದಿ ಹೇಳುವ ಗಣಕಯಂತ್ರಗಳೂ ಇರುವ ಈ ಕಾಲದಲ್ಲಿ ಗಣಿತವೂ ಕಾನೂನೂ ಅವರ ಪಾಲಿನಲ್ಲಿವೆ. ಕಲಿಸಬಲ್ಲವರು ಬೇಕು.

ಇನ್ನು ನಮ್ಮ ಶಾಲೆಗಳಿಗೆ ಬರೋಣ. ಪೂರ್ಣಾಂಧನನ್ನೂ ಪೂರ್ಣ ಕಿವುಡನನ್ನೂ ಯಾರಾದರೂ ಗುರುತಿಸುವರು. ಕಷ್ಟವಿರುವುದು ನಡುವಣ ಮಕ್ಕಳ ವಿಷಯದಲ್ಲಿ. ಕಿವಿ ಸೋರುವ ಹುಡುಗನಿಗೆ ಕೆಲವು ದಿನ ಕೇಳಿಸುವುದು, ಕೆಲವು ದಿನ ಮಂದವಾಗುವುದು, ಅವನನ್ನು ಅಲಕ್ಷ್ಯಗಾರನೆನ್ನುತ್ತೇವೆ. ಹಲಗೆಯ ಮೇಲಿನ ಬರಹವು ಕಾಣದ ಹುಡುಗಿಯು ನೆರೆಯವಳ ಪುಸ್ತಕವನ್ನು ನೋಡಿ ಬರೆಯುವಳು, ಅವಳನ್ನು ನಕಲುಮಾಡುವವಳೆನ್ನುತ್ತೇವೆ. ಪಾವಗಡವು ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಮನೆಯಲ್ಲಿ ತೆಲುಗನ್ನಾಡುವ ಮಗು ಕನ್ನಡ ಪಾಠದಲ್ಲಿ ಮೊದಲ ವರ್ಷ ತಡವರಿಸುವುದು ಸಹಜ. ಆ ತಡವರಿಕೆಯು ಭಾಷೆಯದೋ, ಬುದ್ಧಿಯದೋ, ಕಿವಿಯದೋ ಎಂಬುದನ್ನು ವಿಂಗಡಿಸದೆ ‘ಮಂದ’ನೆಂದು ಹಣೆಗೆ ಹಚ್ಚಿದರೆ ಆ ಅಕ್ಷರವನ್ನು ಅಳಿಸುವುದು ಬಹಳ ಕಷ್ಟ.

ಲಿಪಿಯ ವಿಷಯವೂ ಹೀಗೆಯೇ. ಇಂಗ್ಲಿಷ್ ಕಲಿಯುವ ಮಕ್ಕಳ ತೊಡಕುಗಳನ್ನು ಕುರಿತು ಹೊರದೇಶಗಳಲ್ಲಿ ಗ್ರಂಥರಾಶಿಯೇ ಇದೆ. ಕನ್ನಡದ ತೊಡಕುಗಳು ಬೇರೆ. ನಮ್ಮ ಅಕ್ಷರಮಾಲೆಯು ದೊಡ್ಡದು. ಪ, ಷ, ವ, ಮ ಇವು ಒಂದನ್ನೊಂದು ಹೋಲುತ್ತವೆ. ದ, ಧ, ಥಗಳ ಭೇದವು ಒಂದು ಸಣ್ಣ ಗೆರೆಯಲ್ಲೋ ಚುಕ್ಕೆಯಲ್ಲೋ ಅಡಗಿದೆ. ಒತ್ತಕ್ಷರವು ಕೆಳಗಿಳಿಯುತ್ತದೆ. ‘ಧರ್ಮ’ ಎಂಬಲ್ಲಿ ರೇಫವು ಮೊದಲು ಕೇಳಿಸಿ ಕಡೆಗೆ ಅರ್ಕಾವತ್ತಾಗಿ ಬರೆಯಲ್ಪಡುತ್ತದೆ. ಕಿವಿಯ ಕ್ರಮವೂ ಕಣ್ಣಿನ ಕ್ರಮವೂ ಅಲ್ಲಿ ಬೇರ್ಪಡುತ್ತವೆ. ಕಲಿಕೆಯ ನ್ಯೂನತೆಯುಳ್ಳ ಮಗುವು ಇಂಥ ಸ್ಥಳಗಳಲ್ಲಿ ಎಡವುದೋ, ಬೇರೆಡೆಯಲ್ಲಿ ಎಡವುದೋ, ಎಷ್ಟು ಕಾಲದ ಅಭ್ಯಾಸದಿಂದ ಸರಿಹೋಗುವುದೋ ಎಂಬುದನ್ನು ಕನ್ನಡ ಶಾಲೆಯಲ್ಲಿ ಕನ್ನಡ ಉಪಾಧ್ಯಾಯನೇ ನೋಡಿ ಬರೆಯಬೇಕು. ಮತ್ತಾರೂ ನಮಗಾಗಿ ಬರೆಯಲಾರರು.

ಉನ್ನತ ವ್ಯಾಸಂಗದ ಪ್ರಯೋಜನವು ಇಲ್ಲಿದೆ. 2014ರ ನಿಯಮಗಳಾದಂದಿನಿಂದ ಸಾಮಾನ್ಯ ಬಿ.ಎಡ್. ಪಾಠಕ್ರಮದಲ್ಲಿಯೂ ಸಮನ್ವಯ ಶಿಕ್ಷಣದ ವಿಷಯವು ಸೇರಿದೆ. ಆದರೆ ಒಂದು ಪ್ರಶ್ನೆಪತ್ರಿಕೆಯನ್ನು ಬರೆದ ಮಾತ್ರಕ್ಕೆ ಒಂದು ಕಲೆಯು ಕೈವಶವಾಗದು. ವಿಶೇಷ ಶಿಕ್ಷಣದ ಎಂ.ಎಡ್. ಎರಡು ವರ್ಷಗಳ ವ್ಯಾಸಂಗ. ಮಗುವಿನ ಶಕ್ತಿಯನ್ನು ಅಳೆಯುವ ಕ್ರಮ, ಪಾಠವನ್ನು ಆ ಮಗುವಿಗೆ ತಕ್ಕಂತೆ ಮಾರ್ಪಡಿಸುವ ಕ್ರಮ, ಒಬ್ಬೊಬ್ಬ ಮಗುವಿಗೂ ಪ್ರತ್ಯೇಕವಾದ ಶಿಕ್ಷಣ ಯೋಜನೆಯನ್ನು ಬರೆಯುವ ಕ್ರಮ, ಇತರ ಉಪಾಧ್ಯಾಯರನ್ನು ತರಬೇತುಗೊಳಿಸುವ ಕ್ರಮ ಇವು ಅದರಲ್ಲಿ ಬರುತ್ತವೆ. ಕಡೆಗೆ ಸ್ವತಂತ್ರವಾದ ಒಂದು ಪ್ರಬಂಧವನ್ನೂ ಬರೆಯಬೇಕು. ಅರ್ಕಾವತ್ತಿನ ತೊಡಕನ್ನು ಕುರಿತು, ಪಾವಗಡದ ತೆಲುಗು ಮನೆಗಳ ಮಕ್ಕಳನ್ನು ಕುರಿತು ಅಂಥ ಪ್ರಬಂಧಗಳು ಹುಟ್ಟಬಾರದೇಕೆ?

ಮಾರ್ಗವು ಸುಲಭವಲ್ಲವೆಂಬುದನ್ನೂ ಹೇಳಬೇಕು. ಈ ಶಿಕ್ಷಣವನ್ನು 1992ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತು ನಿಯಂತ್ರಿಸುತ್ತದೆ. ಸಾಮಾನ್ಯ ಬಿ.ಎಡ್. ಒಂದನ್ನೇ ಮುಗಿಸಿದವರು ನೇರವಾಗಿ ಈ ಎಂ.ಎಡ್.ಗೆ ಸೇರಲಾಗದು, ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾವನ್ನಾಗಲಿ ಬಿ.ಎಡ್. ಅನ್ನಾಗಲಿ ಮೊದಲು ಪಡೆದಿರಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣದಲ್ಲಿ ಬಿ.ಎಡ್., ಎಂ.ಎಡ್. ಎರಡನ್ನೂ ನಡೆಸಿಕೊಂಡು ಬಂದಿದೆ. ಅದೇ ಮೈಸೂರಿನಲ್ಲಿ ಕಿವುಡರ ಮತ್ತು ಕುರುಡರ ಶಾಲೆಯು 1901ರಷ್ಟು ಹಿಂದೆಯೇ ಹುಟ್ಟಿತು. ಆದರೆ ದೊಡ್ಡೇರಿಯ ಉಪಾಧ್ಯಾಯಿನಿಗೆ ಮೈಸೂರು ದೂರ. ಮನೆ, ಮಕ್ಕಳು, ವೃದ್ಧರಾದ ಅತ್ತೆಮಾವಂದಿರು, ನಿಂತುಹೋಗುವ ಸಂಬಳ ಇವುಗಳನ್ನೆಲ್ಲ ಬಿಟ್ಟು ವರ್ಷಗಟ್ಟಲೆ ಹೊರಗಿರುವುದು ಎಷ್ಟು ಮಂದಿಗೆ ಸಾಧ್ಯ? ಸೇವೆಯಲ್ಲಿರುವ ಉಪಾಧ್ಯಾಯರಿಗೆ ಅಲ್ಪಾವಧಿಯ, ಭಾಗಶಃ ದೂರದಿಂದಲೂ ಕಲಿಯಬಹುದಾದ ವಿಶೇಷ ಪಾಠಕ್ರಮಗಳಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಆದರೂ ಅಲ್ಪಾವಧಿಯ ಪಾಠವನ್ನು ಹೇಳಿಕೊಡುವುದಕ್ಕೆ ದೀರ್ಘಾವಧಿಯಲ್ಲಿ ಕಲಿತವರು ಬೇಕಲ್ಲವೇ?

ಇಲ್ಲಿ ಎರಡು ಆಕ್ಷೇಪಣೆಗಳು ಏಳಬಹುದು. ಅಂಥ ಮಕ್ಕಳಿಗೆ ವಿಶೇಷ ಶಾಲೆಗಳಿವೆ, ಅಲ್ಲಿಗೇ ಕಳುಹಿಸಬಾರದೇ ಎಂಬುದು ಮೊದಲನೆಯದು. ವಿಶೇಷ ಶಾಲೆಗಳು ಬೇಡವೆಂದು ನಾನು ಹೇಳುವುದಿಲ್ಲ. ಕಿವುಡ ಮಗುವಿಗೆ ಸಂಜ್ಞಾಭಾಷೆಯನ್ನಾಡುವ ಸಂಗಡಿಗರು ಬೇಕು, ಅದು ಒಂಟಿ ಹಳ್ಳಿಯಲ್ಲಿ ದೊರೆಯದು. ಆದರೆ ನಾನು ಹೇಳಿದ ನಡುವಣ ಮಕ್ಕಳು ಬಹುಸಂಖ್ಯೆಯವರು. ಅವರನ್ನೆಲ್ಲ ಆರನೆಯ ವಯಸ್ಸಿನಲ್ಲಿ ತಾಯಿಯ ಮಡಿಲಿಂದ ಬಿಡಿಸಿ ಪಟ್ಟಣಕ್ಕೆ ಕಳುಹಿಸುವುದು ಅನಾವಶ್ಯಕ, ಅಸಾಧ್ಯ. ಸರ್ಕಾರವು ತಾಲ್ಲೂಕಿಗೆ ಸಂಪನ್ಮೂಲ ಶಿಕ್ಷಕರನ್ನು ಕೊಟ್ಟಿದೆಯಲ್ಲಾ ಎಂಬುದು ಎರಡನೆಯದು. ನಿಜ, ಅವರು ಊರೂರು ತಿರುಗಿ, ಹಾಸಿಗೆ ಬಿಟ್ಟೇಳಲಾರದ ಮಕ್ಕಳ ಮನೆಗೂ ಹೋಗಿ ಪಾಠ ಹೇಳುತ್ತಿರುವರು. ಆದರೆ ಒಬ್ಬರು ಇಷ್ಟೊಂದು ಶಾಲೆಗಳಿಗೆ ತಿರುಗುತ್ತಿದ್ದರೆ, ಅವರು ಮರಳಿ ಬರುವವರೆಗೆ ಆ ಮಗುವಿನ ಪಾಠವೇನು?

ಕಲಿತು ಬಂದವರಿಗೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ತಮ್ಮ ಮನಸ್ಸಿನಲ್ಲಿರುವುದನ್ನು ಬಲ್ಲೆನು. ಅದು ನ್ಯಾಯವಾದ ಪ್ರಶ್ನೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ವಿಚಾರಿಸಿತು. 2022ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯು ತಿದ್ದುಪಡಿಯಾಗಿ, ಒಂದರಿಂದ ಐದನೆಯ ತರಗತಿಯವರೆಗೆ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಆರರಿಂದ ಎಂಟನೆಯವರೆಗೆ ಹದಿನೈದು ಮಕ್ಕಳಿಗೆ ಒಬ್ಬ ಎಂಬ ಪ್ರಮಾಣವು ನಿಶ್ಚಯವಾಯಿತು. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು ರಾಜ್ಯಗಳು ಹುದ್ದೆಗಳನ್ನು ಪ್ರಕಟಿಸಿ ನೇಮಕ ಮಾಡಬೇಕೆಂದು ಆಜ್ಞಾಪಿಸಿತು. ಆಜ್ಞೆಯು ಕಾರ್ಯವಾಗಲು ಕಾಲ ಹಿಡಿಯಬಹುದು. ಆದರೆ ಹುದ್ದೆಯು ಬಂದ ದಿನ ಅದಕ್ಕೆ ತಕ್ಕವರು ಈ ನಾಲ್ಕು ತಾಲ್ಲೂಕುಗಳಲ್ಲಿ ಇಲ್ಲವಾದರೆ, ಹುದ್ದೆಯು ಬರಿದಾಗಿ ಉಳಿಯುವುದು, ಇಲ್ಲವೇ ಈ ಸೀಮೆಯ ಮಾತನ್ನೂ ಮನೆಗಳನ್ನೂ ಅರಿಯದವರಿಗೆ ಹೋಗುವುದು.

ಆದುದರಿಂದ ಮಹೋತ್ಸವದ ಸಮಿತಿಯವರಲ್ಲಿ ವಿನಯಪೂರ್ವಕವಾಗಿ ಒಂದು ಸೂಚನೆಯನ್ನು ಅರಿಕೆಮಾಡುತ್ತೇನೆ. ಮಹೋತ್ಸವಗಳ ನೆನಪಿಗೆ ಕಟ್ಟಡಗಳನ್ನು ಕಟ್ಟಿಸುವುದು ವಾಡಿಕೆ. ಈ ಸಲ ಕಟ್ಟಡಕ್ಕೆ ಬದಲಾಗಿ ತಾಲ್ಲೂಕಿಗೊಬ್ಬರಂತೆ ನಾಲ್ವರು ಉಪಾಧ್ಯಾಯರನ್ನು ಆರಿಸಿ, ಅವರಲ್ಲಿ ಇಬ್ಬರಾದರೂ ಸ್ತ್ರೀಯರಾಗಿರುವಂತೆ ನೋಡಿ, ವಿಶೇಷ ಶಿಕ್ಷಣದ ವ್ಯಾಸಂಗಕ್ಕೆ ಕಳುಹಿಸೋಣ. ಅವರ ಊಟ, ವಸತಿ, ಪುಸ್ತಕಗಳ ವೆಚ್ಚವನ್ನೂ, ಸಂಬಳವು ನಿಂತಲ್ಲಿ ಮನೆಯ ಅಗತ್ಯವನ್ನೂ ಶ್ರೀಮಠವೂ ಭಕ್ತರೂ ವಹಿಸಿಕೊಳ್ಳಲಿ. ಜಾತಿಮತಗಳ ಭೇದವು ಇದರಲ್ಲಿ ಸಲ್ಲದು. ಅವರಿಗೆ ಒಂದೇ ಕಟ್ಟುಪಾಡು: ಮರಳಿ ಬಂದು ಈ ಸೀಮೆಯ ಶಾಲೆಗಳಲ್ಲಿಯೇ ಕೆಲಸ ಮಾಡುವುದು, ಮತ್ತು ತಿಂಗಳಿಗೊಮ್ಮೆ ತಮ್ಮ ತಾಲ್ಲೂಕಿನ ಇತರ ಉಪಾಧ್ಯಾಯರನ್ನು ಕೂಡಿಸಿ ಕಲಿತುದನ್ನು ಹಂಚುವುದು. ದಾಸೋಹವೆಂದರೆ ಹಂಚಿ ಉಣ್ಣುವುದು ತಾನೆ? ವಿದ್ಯೆಗೂ ಅದೇ ನಿಯಮ.

ಉಪಾಧ್ಯಾಯ ಬಂಧುಗಳೇ, ಅಲ್ಲಿಯವರೆಗೂ ತಾವು ಮಾಡಬಹುದಾದುದು ಒಂದಿದೆ. ನಾಳೆ ಶಾಲೆಗೆ ಹೋದಾಗ ಕಡೆಯ ಸಾಲಿನ ಮಗುವನ್ನು ಮೊದಲ ಸಾಲಿಗೆ ಕರೆದು ಕೂರಿಸಿ, ಅದರ ಕಿವಿ ಕಣ್ಣುಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಮನೆಯ ಮಾತು ಯಾವುದೆಂದು ತಾಯಿಯನ್ನು ಕೇಳಿ. ಆ ಮಗುವು ಎಲ್ಲಿ ಎಡವಿತು, ಯಾವ ಅಕ್ಷರದಲ್ಲಿ ನಿಂತಿತು ಎಂಬುದನ್ನು ದಿನವೂ ಎರಡು ಸಾಲಿನಲ್ಲಿ ಬರೆದಿಡಿ. ಅದಕ್ಕೆ ಪದವಿಯ ಅಗತ್ಯವಿಲ್ಲ. ಮುಂದೆ ಪದವಿಯನ್ನು ಪಡೆದು ಬರುವವರಿಗೆ ಆ ಪುಸ್ತಕವೇ ಮೊದಲ ಪಾಠವಾಗುವುದು. ಮನೆತನದ ಆಸ್ತಿಯಲ್ಲಿ ಪಾಲು ಕೊಡಿಸಲು ಕಾನೂನು ಸಾಕಾಯಿತು. ವಿದ್ಯೆಯಲ್ಲಿ ಪಾಲು ಕೊಡಿಸಲು ಉಪಾಧ್ಯಾಯನೇ ಬೇಕು. ಈ ಸೀಮೆಯ ಒಂದು ಮಗುವೂ ನಿರಂಶಕವಾಗಿ ಉಳಿಯದಿರಲೆಂದು ಹಾರೈಸುತ್ತೇನೆ.